ಮೂರು ನೋಟ್‌ಬುಕ್ ತುಂಬಿದೆ, ಒಂದು ಪುಟ ಬರೆದಿಲ್ಲ

ಪ್ರಶ್ನೆ: ನಾನು ಮಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಮೂಲ ಬಂಟ್ವಾಳದ ಕಡೆ. 1837ರಲ್ಲಿ ಸುಳ್ಯ, ಪುತ್ತೂರಿನ ದಂಡು ಈಸ್ಟ್ ಇಂಡಿಯಾ ಕಂಪೆನಿ ಸರಕಾರವನ್ನು ಓಡಿಸಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿತಲ್ಲ, ಅದನ್ನು ಕಾದಂಬರಿ ಮಾಡಬೇಕು ಅಂತ ಆಸೆ. ಮೂರು ವರ್ಷದಿಂದ ಓದುತ್ತಿದ್ದೇನೆ. ಮೂರು ನೋಟ್‌ಬುಕ್ ತುಂಬಿದೆ, ಒಂದು ಅಧ್ಯಾಯವೂ ಆಗಿಲ್ಲ. ಓದು ಎಲ್ಲಿ ನಿಲ್ಲಿಸಬೇಕು? ಕಲ್ಪನೆ ಎಷ್ಟು ಸೇರಿಸಬಹುದು? ತುಳು ಮಾತಾಡುವವರನ್ನು ಕನ್ನಡದಲ್ಲಿ ಹೇಗೆ ಮಾತಾಡಿಸಲಿ? ಇನ್ನೊಂದು ವಿಷಯ. ನಮ್ಮ ಮನೆಯಲ್ಲಿ ಒಂದು ದೊಡ್ಡ ಕಬ್ಬಿಣದ ಬೀಗ ಉಂಟು, ಕೀ ಇಲ್ಲ. ‘ಕಾಟಕಾಯಿಯ ವರ್ಷ ಅಜ್ಜನ ಅಜ್ಜ ತಂದದ್ದು, ಕಂಪೆನಿ ಕಚೇರಿಯದ್ದು’ ಅಂತ ಹಿರಿಯರು ಹೇಳುತ್ತಾರೆ. ಕಾಟಕಾಯಿ ಅಂತ ಅವರು ಕರೆಯುವುದು ಈ ದಂಗೆಯನ್ನೇ. ಹಾಗಾದರೆ ಬೀಗ ಲೂಟಿ ಮಾಲು. ಬರೆದರೆ ಮನೆಯವರಿಗೆ ಬೇಜಾರು. ಬಿಟ್ಟುಬಿಡಲಾ?

ಉತ್ತರ: ಬೀಗದ ಮಾತನ್ನು ಕೊನೆಗೆ ಇಟ್ಟುಕೊಳ್ಳೋಣ. ಅದು ನೀವು ಅಂದುಕೊಂಡಷ್ಟು ಸಣ್ಣ ವಿಷಯ ಅಲ್ಲ.

ಮೊದಲು ನೋಟ್‌ಬುಕ್. ಮೂರು ವರ್ಷ ಓದಿ ಒಂದು ಪುಟ ಬರೆಯದೆ ಕೂತದ್ದಕ್ಕೆ ಸೋಮಾರಿತನ ಅಂತ ಬೈದುಕೊಳ್ಳಬೇಡಿ. ಅದು ಹೆದರಿಕೆ. ನನಗೂ ಇತ್ತು. ಓದುವಾಗ ಯಾರೂ ನಮ್ಮ ತಪ್ಪು ಹಿಡಿಯುವುದಿಲ್ಲ. ಬರೆಯಲು ಕೂತರೆ ಮೊದಲ ಸಾಲಿಗೇ ಸಿಕ್ಕಿಬೀಳುತ್ತೇವೆ. ಹಾಗಾಗಿ ‘ಇನ್ನೊಂದು ಪುಸ್ತಕ ನೋಡಿ ಶುರು ಮಾಡುವಾ’ ಅಂತ ಮುಂದೂಡುತ್ತಾ ಹೋಗುತ್ತೇವೆ. ಆ ಇನ್ನೊಂದು ಪುಸ್ತಕ ಮುಗಿಯುವುದೇ ಇಲ್ಲ ಮಾರಾಯ್ರೆ.

ಓದು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಅದನ್ನು ಹಿಂದುಮುಂದು ಮಾಡಿ ಅಂತ ಹೇಳುತ್ತೇನೆ. ಮೊದಲು ಒಂದು ದೃಶ್ಯ ಬರೆಯಿರಿ, ಕೆಟ್ಟದಾಗಿಯೇ ಬರೆಯಿರಿ. ಗೊತ್ತಿಲ್ಲದ ಜಾಗದಲ್ಲಿ ಪೆನ್ಸಿಲಿನಲ್ಲಿ ಗುಣಿಸು ಗುರುತು ಹಾಕಿ ಮುಂದೆ ಹೋಗಿ. ದೃಶ್ಯ ಮುಗಿದ ಮೇಲೆ ಆ ಗುರುತುಗಳನ್ನು ಹಿಡಿದುಕೊಂಡು ಪುಸ್ತಕದ ಹತ್ತಿರ ಹೋಗಿ. ಆಗ ಓದು ಬೇರೆಯೇ ಆಗುತ್ತದೆ. ‘1837ರ ಬಗ್ಗೆ ಎಲ್ಲ ಗೊತ್ತಾಗಬೇಕು’ ಅಂತ ಹೊರಟವನಿಗೆ ಕಾಡು. ‘ಆ ರಾತ್ರಿ ದೋಣಿಯವನ ಗುಡಿಸಲಲ್ಲಿ ಯಾವ ದೀಪ ಇತ್ತು’ ಅಂತ ಹೊರಟವನಿಗೆ ಕಾಲುದಾರಿ.

ಮಾಡಿ ತೋರಿಸುತ್ತೇನೆ. ಪುತ್ತೂರಿನ ಕಡೆಯಿಂದ ಬಂದ ದಂಡು ಬಂಟ್ವಾಳಕ್ಕೆ ಬರಬೇಕಾದರೆ ನೇತ್ರಾವತಿ ದಾಟಲೇಬೇಕು. ಸೇತುವೆ ಇಲ್ಲ. ಹಾಗಾದರೆ ಯಾರೋ ದಾಟಿಸಿರಬೇಕು, ಅಲ್ವಾ? ನಿಮ್ಮ ಮೂರು ನೋಟ್‌ಬುಕ್ಕಿನಲ್ಲಿ ಅವನ ಹೆಸರು ಖಂಡಿತ ಇರಲಿಕ್ಕಿಲ್ಲ. ಅವನಿಂದಲೇ ಶುರು ಮಾಡೋಣ.

‘ನಾಯಿ ಬೊಗಳಿತು. ದೋಣಿಯವ ಎದ್ದು ಹೊರಗೆ ಬಂದ. ಆಚೆ ದಡದಲ್ಲಿ ಸೂಟೆಯ ಬೆಳಕು. ಒಂದೆರಡಲ್ಲ, ದಡದ ಉದ್ದಕ್ಕೂ. ಯಾರೋ ಕೂಗಿದರು. ಅವನು ಉತ್ತರ ಕೊಡಲಿಲ್ಲ. ಎಲೆಗೆ ಸುಣ್ಣ ಹಚ್ಚಿದ, ಹೊಗೆಸೊಪ್ಪಿಗೆ ಚೀಲ ತಡಕಿದ. ಚೂರು ಮಾತ್ರ ಉಳಿದಿತ್ತು. ಮತ್ತೆ ಕೂಗಿದರು. ಒಂದು ಸಲಕ್ಕೆ ಎಂಟು ಜನ, ಅಂತ ಅವನೂ ಕೂಗಿದ. ದುಡ್ಡು ಯಾರು ಕೊಡುವುದು?’

ಬರೆಯಲು ಹತ್ತು ನಿಮಿಷ ಹಿಡಿಯಿತು. ಚೆನ್ನಾಗಿಲ್ಲ, ಇರಲಿ. ಇದರಲ್ಲಿ ಎಷ್ಟು ಗುಣಿಸು ಗುರುತು ಬಿದ್ದವು ನೋಡಿ. ಆ ರಾತ್ರಿ ಬೆಳದಿಂಗಳು ಇತ್ತಾ? ಇದ್ದರೆ ಸೂಟೆ ಯಾಕೆ? ಏಪ್ರಿಲ್‌ನಲ್ಲಿ ಹೊಳೆ ದಾಟಲು ದೋಣಿಯೇ ಬೇಕಿತ್ತಾ? ಹೊಗೆಸೊಪ್ಪು ಯಾಕೆ ಚೂರೇ ಉಳಿದದ್ದು? ದುಡ್ಡು ಅಂದರೆ ಯಾವ ದುಡ್ಡು?

ಬೆಳದಿಂಗಳಿನಿಂದ ಶುರು ಮಾಡುವಾ. ನಿಮ್ಮ ಅದೃಷ್ಟಕ್ಕೆ ಒಂದು ತಾರೀಕು ಗಟ್ಟಿಯಾಗಿ ಸಿಗುತ್ತದೆ. ಬಾವುಟ ಏರಿದ್ದು 1837ರ ಏಪ್ರಿಲ್ 5. ನಾನು ಕೂತು ಚಂದ್ರನ ಲೆಕ್ಕ ಹಿಂದಕ್ಕೆ ಹಾಕಿದೆ. ಈಗ ಅದು ಮೊಬೈಲಿನಲ್ಲೂ ಆಗುವ ಕೆಲಸ. ಅವತ್ತು ಅಮಾವಾಸ್ಯೆ! ಅಂದರೆ ಅದಕ್ಕೆ ಒಂದೆರಡು ದಿನ ಮೊದಲು ಹೊಳೆ ದಾಟಿದವರಿಗೆ ರಾತ್ರಿಯಿಡೀ ಕತ್ತಲೆ. ಬೆಳಗಿನ ಜಾವ ಮೂಡುವ ತೆಳ್ಳಗಿನ ಗೆರೆಯಷ್ಟು ಚಂದ್ರ ಬಿಟ್ಟರೆ ಏನೂ ಇಲ್ಲ. ಸೂಟೆ ಬೇಕೇ ಬೇಕು. ಮಂಗಳೂರು ಸುಮಾರು 13 ದಿನ ಅವರ ಕೈಯಲ್ಲಿತ್ತು ಅನ್ನುತ್ತಾರಲ್ಲ, ಹಾಗಾದರೆ ಅವರು ಬಂದದ್ದು ಅಮಾವಾಸ್ಯೆಗೆ, ಊರು ಬಿಡಬೇಕಾಗಿ ಬಂದದ್ದು ಹುಣ್ಣಿಮೆಗೆ ಹತ್ತಿರ. ಕತ್ತಲಲ್ಲಿ ಬಂದವರು ಬೆಳದಿಂಗಳಲ್ಲಿ ಓಡಬೇಕಾಯಿತು. ಅಡಗಲು ನೆರಳು ಹುಡುಕಬೇಕು. ಇದನ್ನು ಯಾವ ಇತಿಹಾಸದ ಪುಸ್ತಕವೂ ನಿಮಗೆ ದೃಶ್ಯ ಮಾಡಿ ಕೊಡುವುದಿಲ್ಲ. ಪಂಚಾಂಗ ಕೊಡುತ್ತದೆ.

ಪಂಚಾಂಗ ತೆಗೆದದ್ದೇ ಆಯಿತು, ಇನ್ನೊಂದು ಪುಟ ತಿರುಗಿಸಿ. ನಮ್ಮ ಬಿಸು, ಅಂದರೆ ತುಳುವರ ಹೊಸ ವರ್ಷ, ಈಗ ಏಪ್ರಿಲ್ 14-15ಕ್ಕೆ ಬರುತ್ತದೆ. ಸಂಕ್ರಮಣದ ಇಂಗ್ಲಿಷ್ ತಾರೀಕು ಶತಮಾನಕ್ಕೆ ಒಂದೆರಡು ದಿನ ಸರಿಯುತ್ತದೆ. 1837ರಲ್ಲಿ ಅದು ಏಪ್ರಿಲ್ 11-12ರ ಸುಮಾರಿಗೆ ಬರುತ್ತದೆ. ಅಂದರೆ ಆ 13 ದಿನಗಳ ಸರಿ ನಡುವೆ ಬಿಸು! ನನಗೆ ಇದು ಹೊಳೆದಾಗ ಕೂತಲ್ಲಿಂದ ಎದ್ದೆ. ಬಿಸುವಿಗೆ ಮನೆಮನೆಯಲ್ಲಿ ಕಣಿ ಇಡಬೇಕು. ಒಕ್ಕಲುಗಳು ಧಣಿಯ ಮನೆಗೆ ಬುಳೆಕಾಣಿಕೆ ಹೊತ್ತುಕೊಂಡು ಹೋಗಬೇಕು. ಆ ವರ್ಷ ಧಣಿ ದಂಡಿನ ಜೊತೆ ಹೋಗಿದ್ದರೆ? ಅಥವಾ ದಂಡಿಗೆ ಹೆದರಿ ಮನೆ ಬಿಟ್ಟಿದ್ದರೆ? ಸೌತೆಕಾಯಿ, ತೆಂಗಿನಕಾಯಿ ಹೊತ್ತ ಒಕ್ಕಲಿನವ ಬಾಗಿಲು ಹಾಕಿದ ಮನೆಯ ಅಂಗಳದಲ್ಲಿ ನಿಂತಿದ್ದಾನೆ. ಇಟ್ಟು ಹೋಗಲಾ, ವಾಪಸ್ ಹೊತ್ತುಕೊಂಡು ಹೋಗಲಾ? ಇಡೀ ದಂಗೆ ಅವನ ತಲೆಯ ಮೇಲಿನ ಆ ಬುಟ್ಟಿಯಲ್ಲಿ ಉಂಟು. ಇದು ನಿಮ್ಮ ಕಾದಂಬರಿಯ ನಡುಮಧ್ಯದ ಅಧ್ಯಾಯ. ಬೇಡ ಅಂದರೆ ನಾನು ಬರೆಯುತ್ತೇನೆ, ಮತ್ತೆ ಬೇಜಾರು ಮಾಡಬೇಡಿ.

ತಿಂಗಳು ಗೊತ್ತಾದರೆ ನೆಲ ಗೊತ್ತಾಗುತ್ತದೆ. ಸುಗ್ಗಿ ತಿಂಗಳ ಕೊನೆ. ಗದ್ದೆ ಕೊಯ್ದು ಒಣಗಿದೆ. ಬಾಕಿಮಾರು ಗದ್ದೆಯಲ್ಲಿ ಸಾವಿರ ಜನ ಅಡ್ಡಡ್ಡ ನಡೆದುಕೊಂಡು ಹೋಗಬಹುದು. ಇದೇ ದಂಡು ಮಳೆಗಾಲದ ಆಟಿ ತಿಂಗಳಲ್ಲಿ ಹೊರಟಿದ್ದರೆ ಮೊಣಕಾಲಿನ ತನಕ ಕೆಸರು, ಹೊಳೆಗೆ ದೋಣಿ ಇಳಿಸುವ ಹಾಗೆ ಇಲ್ಲ. ಕಂಪೆನಿಗೂ ಅಷ್ಟೇ. ಕಣ್ಣೂರಿನ ಕಡೆಯಿಂದ ಅವರ ಸಿಪಾಯಿಗಳು ಹಡಗಿನಲ್ಲಿ ಬರಲು ಸಾಧ್ಯವಾದದ್ದು ಮಳೆ ಶುರುವಾಗಿರದ ಕಾರಣ. ಯುದ್ಧದ ಕಥೆ ಬರೆಯುವವರು ವೀರರ ಹೆಸರು ಬರೆಯುತ್ತಾರೆ, ಮಳೆಯನ್ನು ಮರೆಯುತ್ತಾರೆ. ನಮ್ಮ ಊರಿನಲ್ಲಿ ಅರ್ಧ ಯುದ್ಧ ಮಾಡಿದ್ದು ಮಳೆ. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದು ಮೇ ತಿಂಗಳಲ್ಲಿ. ಕರ್ನಲ್ ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟದ್ದು ಮುಂದಿನ ವರ್ಷ ಜನವರಿ 30ಕ್ಕೆ. ಇಡೀ ಒಂದು ಮಳೆಗಾಲ ಆ ಮುತ್ತಿಗೆಯ ಒಳಗೆ ಸುರಿದಿದೆ.

ಆ ಮುತ್ತಿಗೆಯ ಮೇಲೆಯೇ ನನ್ನ ಮೊದಲ ಕಾದಂಬರಿ. ಅದರಲ್ಲಿ ಒಂದು ಭಾರಿ ಚಂದದ ಅಧ್ಯಾಯ ಇತ್ತು. ಆಟಿಯ ಜಡಿಮಳೆ, ಹೊರಗೆ ಫಿರಂಗಿ ಸದ್ದು, ಒಳಗೆ ಭೂತದ ಕೋಲ. ಪುಸ್ತಕ ಬಂದ ವಾರದಲ್ಲೇ ಕಾಪುವಿನ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. ನಮಸ್ಕಾರ, ಕುಶಲ ಏನೂ ಇಲ್ಲ. ‘ಪತ್ತನಾಜೆ ಕಳೆದ ಮೇಲೆ ಗಗ್ಗರ ಕಟ್ಟಿದ್ದನ್ನು ಎಲ್ಲಿ ನೋಡಿದ್ದೀರಿ?’ ಅಂತ ಕೇಳಿದರು. ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಅಲ್ಲಿಗೆ ಕೋಲ, ನೇಮ, ಯಕ್ಷಗಾನದ ತಿರುಗಾಟ ಎಲ್ಲ ಮುಗಿಯುತ್ತದೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು! ಬರೆಯುವಾಗ ಫಿರಂಗಿಯ ಸದ್ದಿನಲ್ಲಿ ಮರೆತುಹೋಯಿತು. ಮೂರು ವರ್ಷ ಇಂಗ್ಲಿಷರ ಪತ್ರ ಓದಿದವನಿಗೆ ಮನೆಯ ಕ್ಯಾಲೆಂಡರ್ ನೋಡಲು ಆಗಲಿಲ್ಲ. ಅದಕ್ಕೇ ಹೇಳುವುದು, ನಿಮ್ಮ ಪಾತ್ರಗಳಿಗೆ ಒಂದು ತುಳು ತಿಂಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಳ್ಳಿ.

ಉಡುಪಿಯ ಪಾತ್ರ ಇದ್ದರೆ ಅದಕ್ಕೂ ಒಂದು ಕ್ಯಾಲೆಂಡರ್ ಉಂಟು, ಪರ್ಯಾಯದ್ದು. 1522ರಿಂದ ಎರಡು ವರ್ಷಕ್ಕೊಮ್ಮೆ ಎಂಟು ಮಠಗಳ ಸರದಿ, ಹದಿನಾರು ವರ್ಷಕ್ಕೆ ಒಂದು ಸುತ್ತು. ಹಾಗಾಗಿ ಯಾವ ವರ್ಷ ಯಾವ ಮಠದ್ದು ಅಂತ ಬೆರಳಲ್ಲೇ ಲೆಕ್ಕ ಹಾಕಬಹುದು. 2018ರಲ್ಲಿ ಪಲಿಮಾರು. ಹಿಂದಕ್ಕೆ ಎಣಿಸಿದರೆ 1836ರ ಜನವರಿಯಿಂದ ಎರಡು ವರ್ಷ ಸೋದೆ ಮಠದ ಪರ್ಯಾಯ. ಆಮೇಲೆ ಕಾಣಿಯೂರು. ನಿಮ್ಮ ಕಥೆಯಲ್ಲಿ ಯಾರಾದರೂ ಉಡುಪಿಗೆ ಹರಕೆ ಹೇಳಿ ಹೊರಟರೆ ಅಲ್ಲಿ ಪೂಜೆ ಯಾರದ್ದು ಅಂತ ನಿಮಗೆ ಗೊತ್ತಿರಲಿ. ಬರೆಯಲೇಬೇಕು ಅಂತ ಇಲ್ಲ. ಆದರೆ ಈಗಿನ ಹಾಗೆ ಜನವರಿ 18ಕ್ಕೆ ಪರ್ಯಾಯ ಅಂತ ಬರೆದುಬಿಡಬೇಡಿ. ಬಿಸುವಿಗೆ ಹೇಳಿದ ಲೆಕ್ಕವೇ ಮಕರ ಸಂಕ್ರಮಣಕ್ಕೂ.

ಹೊಳೆಯ ನೀರಿಗೆ ಬರೋಣ. ಪಾಣೆಮಂಗಳೂರಿಗೆ ಹೋಗಿ ದಡದಲ್ಲಿ ನಿಲ್ಲಿ, ಅದು ಬೇಕು. ಆದರೆ ಈಗ ಕಾಣುವ ನೀರನ್ನು ನಂಬಬೇಡಿ. ಕೆಳಗೆ ತುಂಬೆಯಲ್ಲಿ ಅಣೆಕಟ್ಟು ಕಟ್ಟಿ ಮಂಗಳೂರಿಗೆ ಕುಡಿಯಲು ನೀರು ನಿಲ್ಲಿಸಿದ್ದಾರೆ. ಅಣೆಕಟ್ಟು ಇಲ್ಲದ ದಿನಗಳ ಏಪ್ರಿಲ್ ಹೇಗಿತ್ತು ಅಂತ ಅಲ್ಲಿನ ಹಳಬರನ್ನು ಕೇಳಿ. ದಂಡು ಎಲ್ಲಿ ನಡೆದು ದಾಟಿತು, ಎಲ್ಲಿ ದೋಣಿ ಬೇಕಾಯಿತು ಅಂತ ಆಗ ಅಂದಾಜು ಸಿಗುತ್ತದೆ. ಅಲ್ಲಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್. ಕೈಯಲ್ಲಿ ಸಾಮಾನು ಇದ್ದವ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆದರೆ ಆರು ಗಂಟೆ ಮೇಲಾಗುತ್ತದೆ. ನಿಮ್ಮ ಪಾತ್ರದ ಲೆಕ್ಕದಲ್ಲಿ ಎರಡು ಜಾವ. ಒಂದು ದಿನ ರಜೆ ಹಾಕಿ ನಡೆಯಿರಿ. ಹೆದ್ದಾರಿಯ ಧೂಳು ಇರುತ್ತದೆ, ಆದರೂ ನಡೆಯಿರಿ. ಎಲ್ಲಿ ಬಾಯಾರುತ್ತದೆ, ಯಾವ ಏರಿಗೆ ಉಸಿರು ಹಿಡಿಯುತ್ತದೆ ಅಂತ ಕಾಲಿಗೆ ಗೊತ್ತಾಗಬೇಕು.

ಹೊಗೆಸೊಪ್ಪು ಮತ್ತು ದುಡ್ಡು, ಇವೆರಡು ನಿಜಕ್ಕೂ ಒಂದೇ ಪ್ರಶ್ನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ‘ದಂಗೆಗೆ ಕಾರಣಗಳು’ ಅಂತ ಒಂದು ಪುಟ ಇರಬೇಕು. 1834ರಲ್ಲಿ ಕೊಡಗಿನ ರಾಜನನ್ನು ಇಳಿಸಿದ್ದು, ಸುಳ್ಯ ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದ್ದು, ಬೆಳೆಯ ಪಾಲಾಗಿ ಕೊಡುತ್ತಿದ್ದ ತೆರಿಗೆಯನ್ನು ನಗದಿನಲ್ಲಿ ಕಟ್ಟಿ ಅಂದದ್ದು, ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವನ್ನು ಕಂಪೆನಿ ತಾನೇ ಹಿಡಿದುಕೊಂಡದ್ದು. ಎಲ್ಲ ಸರಿ. ಆದರೆ ಆ ಪುಟವನ್ನು ಹಾಗೇ ತಂದು ಯಾವುದೋ ಗೌಡರ ಬಾಯಲ್ಲಿ ಭಾಷಣ ಮಾಡಿಸಿದರೆ ಓದುಗ ಎದ್ದು ಹೋಗುತ್ತಾನೆ. ದೋಣಿಯವನ ಎಲೆಚೀಲದಲ್ಲಿ ಹೊಗೆಸೊಪ್ಪು ಚೂರೇ ಇದ್ದದ್ದು ಕಂಪೆನಿಯ ಬೆಲೆಯ ದೆಸೆಯಿಂದ. ಅಷ್ಟು ಸಾಕು. ಅವನು ಬೈಯುವುದೂ ಬೇಡ, ಚೀಲ ತಡಕಿದರೆ ಸಾಕು.

ನಗದನ್ನು ಸ್ವಲ್ಪ ಕೈಯಲ್ಲಿ ಹಿಡಿದು ನೋಡಿ. 1835ರಲ್ಲಿ ಕಂಪೆನಿ ತನ್ನ ಎಲ್ಲ ಸೀಮೆಗೂ ಒಂದೇ ರೂಪಾಯಿ ತಂದಿತು. ಮೇಲೆ ನಾಲ್ಕನೇ ವಿಲಿಯಂ ರಾಜನ ತಲೆ. ತೂಕ 11.66 ಗ್ರಾಂ. ನಿಮ್ಮ ಕಥೆಯ ಹೊತ್ತಿಗೆ ಅದಕ್ಕೆ ಎರಡೇ ವರ್ಷ. ಸುಳ್ಯದ ಕಾಡಿನ ಅಂಚಿನ ರೈತನಿಗೆ ಆ ತಲೆ ಯಾರದ್ದು ಅಂತಲೂ ಗೊತ್ತಿರಲಿಕ್ಕಿಲ್ಲ. ಅವನ ಮನೆಯಲ್ಲಿ ಭತ್ತ ಉಂಟು, ಅಡಿಕೆ ಉಂಟು, ರೂಪಾಯಿ ಇಲ್ಲ. ರೂಪಾಯಿ ಬೇಕಾದರೆ ಪೇಟೆಯ ವ್ಯಾಪಾರಿಗೆ ಮುಡಿ ಅಕ್ಕಿ ಕೊಡಬೇಕು. ಬೆಲೆ ಹೇಳುವವ ಆ ವ್ಯಾಪಾರಿ. ತೆರಿಗೆ ಹೆಚ್ಚಾಯಿತೋ ಇಲ್ಲವೋ, ಅವಮಾನವಂತೂ ಹೊಸತು. ಇನ್ನು ದಂಡು ಮಾರ್ಚ್ ಕೊನೆಯಲ್ಲಿ ಬೆಳ್ಳಾರೆಯ ಖಜಾನೆ ಹಿಡಿಯಿತಲ್ಲ. ಸಾವಿರ ರೂಪಾಯಿ ಅಂದರೆ ಹನ್ನೊಂದೂವರೆ ಕಿಲೋ ಮೀರಿದ ನಾಣ್ಯ. ಸಿನಿಮಾದಲ್ಲಿ ಹಾಗೆ ಒಬ್ಬ ಚೀಲ ಹೆಗಲಿಗೆ ಹಾಕಿ ಕುದುರೆ ಹತ್ತುವುದಲ್ಲ. ಹೊರುವವರು ಬೇಕು, ಹೊತ್ತವರನ್ನು ಕಾಯುವವರು ಬೇಕು, ಕಾಯುವವರ ಮೇಲೆ ಇನ್ನೊಬ್ಬನ ಕಣ್ಣು ಬೇಕು. ನೋಡಿ, ನಾಲ್ಕು ಪಾತ್ರ ಹುಟ್ಟಿದವು.

ಅಳತೆಯ ವಿಷಯದಲ್ಲಿ ಒಂದು ಎಚ್ಚರ. ಮುಡಿ, ಕಳಸೆ, ಸೇರು ಊರಿಂದೂರಿಗೆ ಬದಲಾಗುತ್ತಿದ್ದವು. ಕಂಪೆನಿಗಾಗಿ ಊರೂರು ಸುತ್ತಿ ಸಮೀಕ್ಷೆ ಮಾಡುತ್ತಾ 1801ರಲ್ಲಿ ಈ ದಾರಿಯಾಗಿ ಹೋದ ಬುಕಾನನ್ ಅಂಥದ್ದನ್ನೆಲ್ಲ ಕೂತು ಬರೆದುಕೊಂಡಿದ್ದಾನೆ. ಬೇಸಾಯ, ಗೇಣಿ, ಬೆಲೆಗೆ ಅವನಷ್ಟು ಉಪಯೋಗದವ ಇನ್ನೊಬ್ಬ ಸಿಗುವುದು ಕಷ್ಟ. ಸ್ವಲ್ಪ ಬೋರು, ಆದರೆ ಬೋರು ಇರುವಲ್ಲೇ ನಮಗೆ ಬೇಕಾದ್ದು ಇರುವುದು.

ವಸ್ತುಗಳ ತಪ್ಪು ಜಾಸ್ತಿ ಆಗುವುದು ನಮ್ಮೂರಿನ ಹೆಮ್ಮೆಯ ವಸ್ತುಗಳಲ್ಲೇ. ಮಂಗಳೂರು ಹೆಂಚು ಅಂತೂ ಎಲ್ಲರೂ ಹಾಕುತ್ತಾರೆ. ಬಾಸೆಲ್ ಮಿಷನ್‌ನ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನಿಮ್ಮ ಕಥೆಯಲ್ಲಿ ಬಡವರ ಮನೆಗೆ ಮುಳಿಹುಲ್ಲು, ಮಡಲು. ಬೆಂಕಿ ಬಿದ್ದರೆ ಒಂದೇ ಉಸಿರಿಗೆ ಹೋಗುತ್ತದೆ, ದಂಗೆಯ ಕಥೆಯಲ್ಲಿ ಇದು ಸಣ್ಣ ಮಾತಲ್ಲ. ದೀಪಕ್ಕೆ ಸೀಮೆಎಣ್ಣೆ ಇಲ್ಲ, ಹೊನ್ನೆ ಎಣ್ಣೆ. ಅದಕ್ಕೆ ಒಂದು ವಾಸನೆ ಉಂಟು, ಮಸಿ ಉಂಟು. ಬಂದವರಿಗೆ ಚಾ ಕೊಡಬೇಡಿ, ಬೆಲ್ಲ ನೀರು ಕೊಡಿ, ಎಲೆ ಅಡಿಕೆ ಕೊಡಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಬಂದದ್ದು 1843ರ ಜುಲೈ 1ಕ್ಕೆ. ಹಾಗಾಗಿ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ, ಸಂತೆಯಲ್ಲಿ, ಕಡವಿನಲ್ಲಿ ಬರುತ್ತದೆ. ದೋಣಿಯವನಷ್ಟು ಸುದ್ದಿ ಗೊತ್ತಿದ್ದವ ಆ ಕಾಲದಲ್ಲಿ ಯಾರಿದ್ದಾನೆ? ಬಾವುಟಗುಡ್ಡೆಯ ಮೇಲೆ ನಿಂತು ಕಣ್ಣಿಗೆ ಬೀಳುವ ಕಾಲೇಜು, ಚಾಪೆಲ್ ಎಲ್ಲ ಅಳಿಸಿ. ಸೈಂಟ್ ಅಲೋಶಿಯಸ್ ಬಂದದ್ದೇ 1880ಕ್ಕೆ. ಉಳಿಯುವುದು ಸಮುದ್ರ, ಎರಡು ಹೊಳೆ, ತೆಂಗು.

ಇನ್ನೂ ಹಿಂದಿನ ಕಾಲಕ್ಕೆ ಹೋಗುವವರಿಗೆ ಗುಂಡಿ ಜಾಸ್ತಿ. ಪೋರ್ಚುಗೀಸರು ಬರುವ ಮೊದಲಿನ ಕಥೆಯಲ್ಲಿ ಮೀನು ಸಾರಿಗೆ ಒಣಮೆಣಸು ಹಾಕುವ ಹಾಗಿಲ್ಲ, ಕಾಳುಮೆಣಸು. ಗೇರುಬೀಜ ಇಲ್ಲ, ಪಪ್ಪಾಯಿ ಇಲ್ಲ. ನಿಮಗೆ ಆ ಚಿಂತೆ ಇಲ್ಲ, ಖಾರ ಎಷ್ಟು ಬೇಕಾದರೂ ಹಾಕಿ.

ಈಗ ಕಲ್ಪನೆಯ ಪ್ರಶ್ನೆ. ನನ್ನ ರೂಢಿ ಹೀಗೆ: ಗೊತ್ತಿರುವುದನ್ನು ತಿರುಚುವುದಿಲ್ಲ, ದಾಖಲೆ ಬಾಯಿ ಮುಚ್ಚಿದಲ್ಲಿ ನಾಚಿಕೆ ಇಲ್ಲದೆ ಬರೆಯುತ್ತೇನೆ. ಬಾವುಟವನ್ನು ಏಪ್ರಿಲ್ 8ಕ್ಕೆ ಹಾರಿಸಲು ನಿಮಗೆ ಅಧಿಕಾರ ಇಲ್ಲ. ಆಮೇಲೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಾದ ದಂಗೆಯ ಮುಂದಾಳುಗಳನ್ನು ಬದುಕಿಸಲು ಅಧಿಕಾರ ಇಲ್ಲ. ಆದರೆ ಬಾವುಟದ ಬಟ್ಟೆ ಯಾರ ಮನೆಯದ್ದು, ಅದನ್ನು ಹೊಲಿದವರು ಯಾರು? ಆ ಜಾಗ ಪೂರ್ತಿ ನಿಮ್ಮದು.

ದಾಖಲೆಯ ಬಗ್ಗೆ ಒಂದು ಮಾತು. ನಮ್ಮ ಜಿಲ್ಲೆ 1956ರ ತನಕ ಮದ್ರಾಸಿನ ಕೈಯಲ್ಲಿತ್ತು. ಹಾಗಾಗಿ ಕಲೆಕ್ಟರರ ಹಳೆ ಪತ್ರಗಳಿಗೆ ಚೆನ್ನೈನ ಪತ್ರಾಗಾರಕ್ಕೇ ಹೋಗಬೇಕು. ಹೋಗುವಾಗ ಗುಣಿಸು ಗುರುತಿನ ಪಟ್ಟಿ ಇರಲಿ, ಇಲ್ಲದಿದ್ದರೆ ನಾಲ್ಕನೇ ನೋಟ್‌ಬುಕ್ ತುಂಬಿಸಿಕೊಂಡು ಬರುತ್ತೀರಿ. ಓದುವಾಗ ಬರೆದವನಿಗೆ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ ಅಂತ ಯೋಚನೆ ಮಾಡಿ. ಖಜಾನೆಯಿಂದ ಹೋದ ದುಡ್ಡಿನ ಮೇಲೆ ಅವನ ಕಣ್ಣು. ದಂಡಿಗೆ ಗಂಜಿ ಬೇಯಿಸಿದ ಹೆಂಗಸು ಅವನ ಕಣ್ಣಿಗೆ ಬೀಳುವುದಿಲ್ಲ.

ಆದರೂ ಕಣ್ಣಾರೆ ಕಂಡವನ ಒಂದು ಸಾಲು ಎಷ್ಟು ಕೆಲಸ ಮಾಡುತ್ತದೆ ನೋಡಿ. ಉಳ್ಳಾಲದ ರಾಣಿ ಅಂದರೆ ನಮ್ಮ ಕಣ್ಣಿಗೆ ಏನು ಬರುತ್ತದೆ? ಕುದುರೆ, ಕತ್ತಿ, ಜರಿ ಸೀರೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇಲ್ಲಿಗೆ ಬಂದು ರಾಣಿಯನ್ನು ಕಂಡ. ಅವಳು ಬರಿಗಾಲಲ್ಲಿ ನಡೆದುಕೊಂಡು ಬರುತ್ತಿದ್ದಳು. ಸೊಂಟಕ್ಕೆ ದಪ್ಪ ಬಿಳಿ ಹತ್ತಿ ಬಟ್ಟೆ, ತಲೆಯ ಮೇಲೆ ತಾಳೆಗರಿಯ ಕೊಡೆ. ಹೊರಟದ್ದು ನೀರಿನ ಕಾಲುವೆಯ ಕೆಲಸ ನೋಡಲು. ಅಡಿಗೆಯವಳ ಹಾಗೆ ಕಂಡಳು, ಮಾತು ಕೇಳಿದ ಮೇಲೆ ರಾಣಿ ಅನಿಸಿತು ಅಂತ ಅವನು ಬರೆದಿದ್ದಾನೆ. ಯುರೋಪಿನ ಅರಮನೆ ಕಂಡವನ ಕೊಂಕು ಅದರಲ್ಲಿ ಉಂಟು, ಅದನ್ನು ಸೋಸಿ ಬಿಡಿ. ಆಮೇಲೂ ಆ ಕಾಲುವೆ ಉಳಿಯುತ್ತದೆ. ಕುದುರೆಯ ಮೇಲಿನ ರಾಣಿಯನ್ನು ಯಾರು ಬೇಕಾದರೂ ಬರೆಯಬಹುದು. ಕಾಲುವೆ ನೋಡಲು ಬಿಸಿಲಿಗೆ ನಡೆದ ರಾಣಿಯನ್ನು ನಮ್ಮ ತಲೆಯಿಂದ ಹುಟ್ಟಿಸಲು ಆಗುತ್ತಿರಲಿಲ್ಲ.

ದಂಗೆಯಲ್ಲಿ ನಿಜವಾಗಿ ಇದ್ದ ಮುಂದಾಳುಗಳನ್ನು, ಅಂದರೆ ಕೆದಂಬಾಡಿ ರಾಮಯ್ಯ ಗೌಡ, ಕಲ್ಯಾಣಸ್ವಾಮಿ ಅಂತ ಕರೆಸಿಕೊಂಡ ಪುಟ್ಟಬಸಪ್ಪ, ಬಂಗರಸ, ಇವರನ್ನು ಎರಡನೇ ಸಾಲಿನಲ್ಲಿ ಇಡಿ. ಅವರ ತಲೆಯೊಳಗೆ ಹೋಗಬೇಡಿ. ದೋಣಿಯವನ ಕಣ್ಣಿಗೆ ಕಂಡಷ್ಟು, ಅಷ್ಟೇ. ಅವರ ಕುಟುಂಬದವರು ಇವತ್ತಿಗೂ ನಮ್ಮ ನಡುವೆ ಇದ್ದಾರೆ, 2022ರಲ್ಲಿ ಬಾವುಟಗುಡ್ಡೆಯಲ್ಲಿ ಗೌಡರ ಪ್ರತಿಮೆಯೂ ಬಂದಿದೆ. ಇಲ್ಲದ ಪ್ರೇಮ, ಇಲ್ಲದ ದ್ರೋಹ ಅವರ ತಲೆಗೆ ಕಟ್ಟುವುದು ಸರಿಯಲ್ಲ. ದ್ರೋಹ ಬೇಕಾದರೆ ನಿಮ್ಮದೇ ಪಾತ್ರ ಮಾಡಲಿ. ಪುಸ್ತಕದ ಕೊನೆಗೆ ಒಂದು ಪುಟ ಇಟ್ಟು ಯಾರು ನಿಜ, ಯಾರು ಕಲ್ಪನೆ ಅಂತ ಹೇಳಿಬಿಡಿ, ಮುಗಿಯಿತು. ಮತ್ತೆ ಬಂಟರ ಮನೆ ಬರೆಯುವಾಗ ಅಳಿಯಕಟ್ಟು ನೆನಪಿರಲಿ. ಯಜಮಾನಿಕೆ ಮಾವನದ್ದು, ಆಮೇಲೆ ಅಳಿಯನದ್ದು, ಅಂದರೆ ಅಕ್ಕತಂಗಿಯ ಮಗನದ್ದು. ‘ಅಪ್ಪನ ಆಸ್ತಿಗೆ ಮಗನ ಜಗಳ’ ಅಂತ ಬರೆದರೆ ಕಾಪುವಿನಿಂದ ನಿಮಗೂ ಫೋನ್ ಬರುತ್ತದೆ.

ಭಾಷೆ. ಇದಕ್ಕೆ ನಾನು ವರ್ಷಗಟ್ಟಲೆ ಒದ್ದಾಡಿದ್ದೇನೆ. ನಮ್ಮಲ್ಲಿ ಚರಿತ್ರೆ ಅಂದ ಕೂಡಲೇ ಪಾತ್ರಗಳೆಲ್ಲ ತಾಳಮದ್ದಳೆಗೆ ಕೂತವರ ಹಾಗೆ ಮಾತಾಡುತ್ತವೆ. ‘ಎಲವೋ ಅಂಬಿಗನೇ, ನಮ್ಮನ್ನು ದಾಟಿಸುವಿಯೋ?’ ದೋಣಿಯವ ಬಿದ್ದು ಬಿದ್ದು ನಗುತ್ತಾನೆ. ಆ ಕಾಲದವರಿಗೆ ಅವರ ಮಾತು ಹಳೆಯದಾಗಿರಲಿಲ್ಲ, ನಮ್ಮ ಮಾತು ನಮಗೆ ಇರುವಷ್ಟೇ ಸಲೀಸಾಗಿತ್ತು. ಹಾಗಾಗಿ ನಮ್ಮ ಕರಾವಳಿಯ ಕನ್ನಡದಲ್ಲೇ ಮಾತಾಡಿಸಿ. ‘ಉಂಟು’, ‘ಬರ್ತದೆ’, ‘ಹೋಗುವಾ’ ಅನ್ನುವ ಕನ್ನಡದ ಅಡಿಯಲ್ಲಿ ತುಳು ಹೇಗೂ ಹರಿಯುತ್ತಿರುತ್ತದೆ. ತುಳು ಶಬ್ದ ಬೇಕಾದಲ್ಲಿ ತುಳುವೇ ಇಡಿ, ಪಕ್ಕದಲ್ಲಿ ಕಂಸ ಹಾಕಿ ಅರ್ಥ ಬರೆಯಬೇಡಿ. ಗಗ್ಗರ ಅಂದರೇನು ಅಂತ ಧಾರವಾಡದ ಓದುಗನಿಗೆ ಎರಡನೇ ಸಲ ಅದು ಝಣ್ ಅಂದಾಗ ಗೊತ್ತಾಗುತ್ತದೆ. ಒಂದು ಆಟ ಆಡಬಹುದು: ಶಾನುಭೋಗರ ಕಾಗದ ಮಾತ್ರ ಬಿಗಿ ಕನ್ನಡದಲ್ಲಿ ಇರಲಿ. ಲೆಕ್ಕ, ಕಾಗದ ಕನ್ನಡದಲ್ಲಿ ಇತ್ತು, ಬದುಕು ತುಳುವಿನಲ್ಲಿ ಇತ್ತು. ಓದು ಬಾರದ ದೋಣಿಯವನಿಗೆ ತನ್ನ ಹೆಸರು ಇರುವ ಕಾಗದವೇ ಪರಭಾಷೆ.

ಅನುಮಾನ ಬಂದ ಶಬ್ದಕ್ಕೆ 1894ರ ಕಿಟೆಲ್ ನಿಘಂಟು ನೋಡಿ. ತುಳುವಿಗೆ ಉಡುಪಿಯಲ್ಲಿ ಆದ ಆರು ಸಂಪುಟದ ತುಳು ನಿಘಂಟು ಇದೆ. ಗಂಟೆ, ನಿಮಿಷದ ಲೆಕ್ಕ ಬಿಡಿ. ಗಳಿಗೆ ಇರಲಿ, ಇಲ್ಲವೇ ‘ಒಂದು ಎಲೆ ಜಗಿದು ಉಗುಳುವಷ್ಟು ಹೊತ್ತು’. ಎಲ್ಲಕ್ಕಿಂತ ಮುಖ್ಯ, ‘ಸ್ವಾತಂತ್ರ್ಯ ಸಮರ’ ಅನ್ನುವ ಮಾತು ನಮ್ಮದು, ಅವರದ್ದಲ್ಲ. ಕಂಪೆನಿಯವರ ಬಾಯಲ್ಲಿ ಅದು ದಂಗೆ. ಇವತ್ತಿನ ಫಲಕದಲ್ಲಿ ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ. ನಿಮ್ಮ ಹಿರಿಯರು ಅದನ್ನು ಏನೆಂದು ಕರೆದರು? ಕಾಟಕಾಯಿ. ಆ ಶಬ್ದದೊಳಗೆ ಕಾಟ ಉಂಟು, ದೋಚುವುದೂ ಉಂಟು. ದಾರಿಯಲ್ಲಿ ದಂಡು ಹೋಗುವಾಗ ಭತ್ತ ಅಡಗಿಸಿಟ್ಟವರ ಶಬ್ದ ಅದು. ಅದರಲ್ಲಿ ಹೆಮ್ಮೆಯೂ ಇದೆ, ದೂರೂ ಇದೆ. ಒಂದನ್ನು ಉಳಿಸಿ ಇನ್ನೊಂದನ್ನು ತೊಳೆದರೆ ನಿಮ್ಮ ಕೈಯಲ್ಲಿ ಫಲಕದ ಬರಹ ಉಳಿಯುತ್ತದೆ, ಕಾದಂಬರಿ ಉಳಿಯುವುದಿಲ್ಲ.

ಅದಕ್ಕೇ ಬೀಗ ಬಿಡಬೇಡಿ. ಮನೆಯವರಿಗೆ ಬೇಜಾರು ಆಗುವುದಾದರೆ ಮನೆಯ ಹೆಸರು, ಊರಿನ ಹೆಸರು ಬದಲಿಸಿ. ಬೀಗವನ್ನು ಬದಲಿಸಬೇಡಿ. ಅದು ನಿಜಕ್ಕೂ 1837ರದ್ದಾ, ಕಂಪೆನಿಯದ್ದಾ ಅಂತ ಸಾಬೀತು ಮಾಡುವ ಗೋಜಿಗೂ ಸದ್ಯ ಹೋಗಬೇಡಿ. ಮನೆಯವರು ಇಷ್ಟು ತಲೆಮಾರು ಆ ಮಾತನ್ನು ಜೋಪಾನ ಮಾಡಿದ್ದಾರೆ, ಕಾದಂಬರಿಗೆ ಅಷ್ಟು ಸಾಕು.

ಈ ಭಾನುವಾರ ಊರಿಗೆ ಹೋದಾಗ ಅದನ್ನು ಅಟ್ಟದಿಂದ ಇಳಿಸಿ, ತುಕ್ಕು ಒರೆಸಿ, ಬೆಳಕಿಗೆ ಹಿಡಿದು ನೋಡಿ. ಕೊಂಡಿ ಮುರಿದಿದೆಯಾ, ಬಡಿದ ಗಾಯ ಇದೆಯಾ? ಇದ್ದರೆ ನಿಮ್ಮ ಅಜ್ಜನ ಅಜ್ಜ ಕಚೇರಿಯ ಬಾಗಿಲು ಒಡೆದವರ ಜೊತೆ ಇದ್ದರು. ಗಾಯ ಇಲ್ಲದೆ, ಕೊಂಡಿ ಸಲೀಸಾಗಿ ತೆರೆದುಕೊಂಡಿದ್ದರೆ ಯಾರೋ ಒಳಗಿನವರು ಕೀ ಹಾಕಿ ತೆಗೆದುಕೊಟ್ಟಿದ್ದಾರೆ. ಆಮೇಲೆ ನನಗೆ ಒಂದು ಸಾಲು ಬರೆಯಿರಿ.